ಬಿಟ್ಟ ತಪ್ಪು, ಗಲ್ಲಿಗೇರಿಸಿದ ತಪ್ಪು

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.

ಅದೇ ಯುದ್ಧದಲ್ಲಿ ರಾಣಿಯ ಪರ ಹೋರಾಡಿ ಸೆರೆಸಿಕ್ಕ ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಬಿಡುಗಡೆ ಮಾಡಿತು. ಅವನು ಸುಮ್ಮನೆ ಕೂರುವ ಆಳೇ? ದಂಡು ಕಟ್ಟಿ ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟ, ಖಜಾನೆ ದೋಚಿದ. ಬಿಟ್ಟದ್ದೇ ತಪ್ಪಾಯಿತೆಂದು ಸಾಹೇಬರು ಕೈಕೈ ಹಿಸುಕಿಕೊಂಡಿರಬೇಕು. ಆದರೂ ಆ ತಪ್ಪನ್ನು ತಿದ್ದಿಕೊಳ್ಳಲು ಅವರಿಗೆ ದಾರಿಯಿತ್ತು: 1830ರಲ್ಲಿ ಮೋಸದಿಂದ ಅವನನ್ನು ಮತ್ತೆ ಹಿಡಿದರು.

1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಇದಕ್ಕೆ ತಿದ್ದುಪಡಿ ಎಲ್ಲಿದೆ?

ಹತ್ತು ಅಪರಾಧಿಗಳು ಪಾರಾದರೂ ಸರಿ, ಒಬ್ಬ ನಿರಪರಾಧಿ ನರಳಬಾರದೆಂದು ಇಂಗ್ಲೆಂಡಿನ ನ್ಯಾಯವೇತ್ತ ಬ್ಲ್ಯಾಕ್‌ಸ್ಟೋನ್ ಆರು ದಶಕ ಮೊದಲೇ ಬರೆದಿದ್ದ. ಆ ಪಾಠವನ್ನು ಕಂಪನಿಯವರು ಹಡಗಿನಲ್ಲಿ ತರಲಿಲ್ಲ. ಬಿಟ್ಟ ತಪ್ಪು, ಗಲ್ಲಿನ ತಪ್ಪು ಎರಡರಲ್ಲಿ ಘೋರವಾದದ್ದು ತಿದ್ದಲಾಗದ ಗಲ್ಲಿನ ತಪ್ಪೇ. ಆ ತಪ್ಪಿಗೆ ಎಡೆಮಾಡುವ ಮರಣದಂಡನೆಯಂತೂ ಇಂದಿಗೂ ನಮ್ಮ ಕಾನೂನಿನಲ್ಲಿದೆ.