ಪರ್ಮಿಟ್ ತಂದ ವಿಭಜನೆ

1947ರ ಆಗಸ್ಟ್‌ನಲ್ಲಿ ದೇಶ ಇಬ್ಭಾಗವಾದಾಗ ಭಾರತ ಮತ್ತು ಪಾಕಿಸ್ತಾನದ ನಡುವೆ ಓಡಾಡಲು ಪಾಸ್‌ಪೋರ್ಟ್ ಬೇಕಿರಲಿಲ್ಲ. ಗಲಭೆಗೆ ಹೆದರಿ ಗಡಿ ದಾಟಿದವರಲ್ಲಿ ಅನೇಕರು, ಪರಿಸ್ಥಿತಿ ತಿಳಿಯಾದ ಮೇಲೆ ಊರಿಗೆ ಮರಳುವ ಎಣಿಕೆಯಲ್ಲಿದ್ದರು. 1948ರಲ್ಲಿ ಹಾಗೆ ಮರಳತೊಡಗಿದರು ಕೂಡ. ಆದರೆ ಅವರು ಬಿಟ್ಟುಹೋದ ಎಷ್ಟೋ ಮನೆಗಳಲ್ಲಿ ಆ ಕಡೆಯಿಂದ ಬಂದ ನಿರಾಶ್ರಿತರು ನೆಲೆಸಿದ್ದರು.

ಅದೇ ವರ್ಷದ ಜುಲೈಯಲ್ಲಿ ಭಾರತ ಸರಕಾರವು ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯಗೊಳಿಸಿತು. ಅಕ್ಟೋಬರ್‌ನಲ್ಲಿ ಪಾಕಿಸ್ತಾನವೂ ಅದೇ ಹಾದಿ ಹಿಡಿಯಿತು. ತಾತ್ಕಾಲಿಕ ಭೇಟಿಗೆ ಒಂದು ಪರ್ಮಿಟ್, ಶಾಶ್ವತವಾಗಿ ಮರಳಲು ಇನ್ನೊಂದು. ಭೇಟಿಯ ಪರ್ಮಿಟ್‌ನಲ್ಲಿ ಬಂದವನು, ಹುಟ್ಟಿದ ಮನೆ ಇಲ್ಲೇ ಇದ್ದರೂ, ಅವಧಿ ಮುಗಿದೊಡನೆ ಹೊರಡಬೇಕಿತ್ತು.

ಸಂವಿಧಾನದ 7ನೇ ವಿಧಿ ಈ ಕಾಗದಕ್ಕೆ ಇನ್ನಷ್ಟು ತೂಕ ಕೊಟ್ಟಿತು. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರನ್ನು ಭಾರತದ ಪೌರರೆಂದು ಪರಿಗಣಿಸುವಂತಿರಲಿಲ್ಲ. ಶಾಶ್ವತವಾಗಿ ಮರಳಲು ಅಥವಾ ಪುನರ್ವಸತಿಗೆ ಕೊಟ್ಟ ಪರ್ಮಿಟ್‌ನಲ್ಲಿ ಬಂದವರಿಗೆ ಮಾತ್ರ ವಿನಾಯಿತಿ. ಬಂಧುಗಳನ್ನು ನೋಡಲು ಹೋದದ್ದು ಪ್ರವಾಸವೇ, ವಲಸೆಯೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು.

ಪರ್ಮಿಟ್ ಇಲ್ಲದೆ ಬಂದವರನ್ನು, ಅವರು ಪೌರರಾಗಿದ್ದರೂ, ಹೊರಹಾಕುವ ಅಧಿಕಾರವನ್ನು 1949ರ ಕಾಯ್ದೆ ಸರಕಾರಕ್ಕೆ ನೀಡಿತ್ತು. 1952ರ ಅಕ್ಟೋಬರ್‌ನಲ್ಲಿ ಪರ್ಮಿಟ್ ಹೋಗಿ ಪಾಸ್‌ಪೋರ್ಟ್ ಮತ್ತು ವೀಸಾ ಬಂದವು. ಅಲ್ಲಿಯವರೆಗೆ ಪರ್ಮಿಟ್‌ನ ಹಂಗಿಲ್ಲದಿದ್ದ ಪೂರ್ವ ಬಂಗಾಳದ ಗಡಿಗೂ ಅವು ಅನ್ವಯಿಸಿದವು. 1954ರಲ್ಲಿ ಮುಂಬಯಿ ರಾಜ್ಯದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಪರ್ಮಿಟ್ ಇಲ್ಲವೆಂಬ ಕಾರಣಕ್ಕೆ ಭಾರತದ ಪೌರನನ್ನು ದೇಶದಿಂದ ಹೊರಹಾಕುವಂತಿಲ್ಲ ಎಂದು ತೀರ್ಪಿತ್ತಿತು. ಅಷ್ಟರೊಳಗೆ ಗಡಿಯ ಆಚೀಚೆ ಹಂಚಿಹೋಗಿದ್ದ ಕುಟುಂಬಗಳಿಗೆ ಆ ನ್ಯಾಯ ತಡವಾಗಿ ಬಂದಿತ್ತು.