ವೇಗೋತ್ಕರ್ಷದೊಳಗಿನ ಎಳೆತ

ಒಂಬತ್ತನೆಯ ತರಗತಿಯ ‘ಚಲನೆ’ ಪಾಠದಲ್ಲಿ ಜವ, ವೇಗಗಳನ್ನು ದಾಟಿದ ಮೇಲೆ ಎದುರಾಗುವ ಪದ ವೇಗೋತ್ಕರ್ಷ. ಅದರ ಉತ್ತರಾರ್ಧ ಕಾಗಿಣಾ ನದಿಯ ದಂಡೆಯ ದಂಡೋತಿಯ ಮಕ್ಕಳ ಕಿವಿಗೆ ಇತಿಹಾಸದ ಪಾಠದಲ್ಲೇ ಬಿದ್ದಿರುತ್ತದೆ: ರಾಷ್ಟ್ರಕೂಟರ ಉತ್ಕರ್ಷ. ಅವರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಇದೇ ಕಾಗಿಣಾ ದಂಡೆಯ ಊರು. ಇತಿಹಾಸದಲ್ಲಿ ಉತ್ಕರ್ಷವೆಂದರೆ ಏಳಿಗೆ, ಅದರ ಎದುರಿಗೆ ಅವನತಿ. ಭೌತಶಾಸ್ತ್ರಕ್ಕೆ ಬಂದರೆ ಬೀಳುವ ಕಲ್ಲಿಗೇ ಉತ್ಕರ್ಷ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಅದರ ವೇಗ ಮೊದಲ ಸೆಕೆಂಡಿನ ಕೊನೆಗೆ ಸೆಕೆಂಡಿಗೆ 9.8 ಮೀಟರ್, ಎರಡನೆಯದರ ಕೊನೆಗೆ 19.6.

ವೇಗ ಹೆಚ್ಚಿದ್ದಲ್ಲಿ ವೇಗೋತ್ಕರ್ಷವೂ ಹೆಚ್ಚು ಎಂದುಕೊಳ್ಳುವ ಮಕ್ಕಳೇ ಬಹಳ. ವಾಡಿ ಜಂಕ್ಷನ್ನಿನಲ್ಲಿ ನಿಂತು ಇದನ್ನು ತಿದ್ದಬಹುದು. ನೇರ ಹಳಿಯ ಮೇಲೆ ಗಂಟೆಗೆ 100 ಕಿಲೋಮೀಟರಿನಂತೆ ಒಂದೇ ಸಮನೆ ಓಡುವ ಎಕ್ಸ್‌ಪ್ರೆಸ್ಸಿನ ವೇಗೋತ್ಕರ್ಷ ಸೊನ್ನೆ. ಸಿಮೆಂಟ್ ತುಂಬಿಕೊಂಡು ಈಗಷ್ಟೇ ಕದಲಿದ ಗೂಡ್ಸ್ ಗಾಡಿಗೆ ಅದು ಉಂಟು. ಈ ಕಡೆಯ ಮಾತಿಗೆ ಭೇದ ಗೊತ್ತೇ ಇದೆ. ‘ಗಾಡಿ ಜೋರ್ ಹೊಂಟದ’ ಎಂದರೆ ವೇಗ. ‘ಗಾಡಿ ಸ್ಪೀಡ್ ಹಿಡ್ಯಾಕತ್ತದ’ ಎಂದರೆ ವೇಗೋತ್ಕರ್ಷ. ಮೇಷ್ಟ್ರು ಸೂತ್ರಕ್ಕಿಂತ ಮೊದಲು ಈ ಎರಡು ಮಾತುಗಳನ್ನು ಹಲಗೆಯ ಮೇಲೆ ಬರೆಯಬೇಕು.

ಏರಿಕೆ ಎಂಬ ಅರ್ಥ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. ಸೇಡಂ ಬಸ್ಸು ಬ್ರೇಕ್ ಹಾಕಿದಾಗಲೂ ವೇಗೋತ್ಕರ್ಷವೇ. ಅದಕ್ಕೆ ‘ಋಣ’ ಎಂದು ಹಿಂದೆ ಸೇರಿಸಿ ದಾಟಿಬಿಡುತ್ತೇವೆ. ಸ್ಪೀಡೋಮೀಟರಿನ ಮುಳ್ಳು ಅಲುಗದೆ ಅದೇ ಬಸ್ಸು ತಿರುವಿನಲ್ಲಿ ಹೊರಳಿದರೂ ವೇಗೋತ್ಕರ್ಷವೇ, ಏಕೆಂದರೆ ದಿಕ್ಕು ಬದಲಾಯಿತು. ಹಾಗೆಂದು ಪದವೇ ತಪ್ಪು ಎಂದರೆ ನಾನು ಒಪ್ಪಲಾರೆ. ಅದರ ಬೇರು ‘ಕೃಷ್’, ಅಂದರೆ ಎಳೆ, ಉಳು. ಕೃಷಿ, ಆಕರ್ಷಣೆ ಎರಡೂ ಅಲ್ಲಿಂದಲೇ ಬಂದವು. ನ್ಯೂಟನ್ 1687ರಲ್ಲಿ ಹೇಳಿದ್ದೂ ಅದನ್ನೇ: ಬಲ ಎಳೆಯದೆ, ತಳ್ಳದೆ ವೇಗ ಬದಲಾಗದು. ಮೇಲಕ್ಕೆಸೆದ ಕಲ್ಲು ತುತ್ತತುದಿ ಮುಟ್ಟಿದ ಕ್ಷಣ ಅದರ ವೇಗ ಸೊನ್ನೆ, ವೇಗೋತ್ಕರ್ಷ ಮಾತ್ರ ಕೆಳಮುಖವಾಗಿ 9.8. ಏರಿಕೆಯನ್ನೇ ನಂಬಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಎಳೆತವನ್ನು ಹಿಡಿದವರಿಗೆ ಇದು ಸಲೀಸು: ಭೂಮಿ ಆ ಕ್ಷಣದಲ್ಲೂ ಎಳೆಯುತ್ತಲೇ ಇದೆ.

ವೇಗ ಏರುವ ಬಗೆಯನ್ನು ಅರಿಯಲು ಗೆಲಿಲಿಯೊ ಇಳಿಜಾರು ಮರದ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿ, ಹರಿದ ನೀರನ್ನು ತೂಗಿ ಕಾಲ ಅಳೆದ. ಅದರ ಫಲವನ್ನು 1638ರಲ್ಲಿ ಅಚ್ಚು ಹಾಕಿಸಿದ. ಶಹಾಬಾದಿನ ಫರ್ಸಿ ಕಲ್ಲು ಮನೆಮನೆಯಲ್ಲಿರುವ ಈ ಸೀಮೆಗೆ ಮರವೂ ಬೇಡ. ಉದ್ದನೆಯ ನುಣುಪು ಫರ್ಸಿಯ ಒಂದು ತುದಿಗೆ ತೆಳು ಚಕ್ಕೆ ಕೊಟ್ಟು ಒಂದು ಚಪ್ಪಾಳೆಗೆ ಸರಿಯಾಗಿ ಗೋಲಿ ಬಿಡಿ, ಸಮನಾಗಿ ಚಪ್ಪಾಳೆ ತಟ್ಟುತ್ತ ಪ್ರತಿ ಚಪ್ಪಾಳೆಗೂ ಸೀಮೆಸುಣ್ಣದ ಗುರುತು ಹಾಕಿಸಿ. ಗುರುತುಗಳ ನಡುವಿನ ಅಂತರ ಹೆಚ್ಚುಕಡಿಮೆ 1, 3, 5, 7ರ ಪ್ರಮಾಣದಲ್ಲಿ ಬರುತ್ತದೆ.