ಸಾವಿರ ಮೈಲಿ ನಡೆದು ಬರೆದ ಪದವಿ ಪ್ರಬಂಧ

ಕೇರಳದ ಕಾಲೇಜುಗಳಲ್ಲಿ 2024ರ ಜುಲೈಯಿಂದ ಪದವಿ ಶಿಕ್ಷಣ ನಾಲ್ಕು ವರ್ಷಗಳದ್ದಾಗಿದೆ ಎಂಬುದು ನಮ್ಮ ಓದುಗರಿಗೆ ಗೊತ್ತಿರುವ ವಿಷಯ. ಮೂರು ವರ್ಷಕ್ಕೆ ಬಿಡುವವರು ಬಿಡಬಹುದು. ನಾಲ್ಕನೆಯ ವರ್ಷಕ್ಕೆ ಮುಂದುವರಿದು ಸಂಶೋಧನೆಯ ಆನರ್ಸ್ ಆಯ್ದುಕೊಂಡವರು ಸ್ವಂತದ್ದೊಂದು ಸಂಶೋಧನೆ ಮಾಡಿ ಬರೆದು ಒಪ್ಪಿಸಬೇಕು. ಮೊದಲ ತಂಡ ಆ ಹಂತಕ್ಕೆ ಬರುವುದು 2027ರಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತ ನಮ್ಮ ಮಕ್ಕಳೂ ಅದರಲ್ಲಿದ್ದಾರೆ. "ಇಪ್ಪತ್ತು ವರ್ಷದ ಮಕ್ಕಳು ಎಂಥ ಸಂಶೋಧನೆ ಮಾಡಿಯಾರು ಮಾಷ್ಟ್ರೇ? ಇಂಟರ್‌ನೆಟ್ಟಿನಿಂದ ಇಳಿಸುವುದು, ಬೈಂಡ್ ಹಾಕಿಸಿ ಕೊಡುವುದು, ಅಷ್ಟೇ ಅಲ್ವಾ?" ಎಂದು ಹೆತ್ತವರು ಕೇಳುವುದುಂಟು. ಅವರಿಗಾಗಿ ನೂರು ವರ್ಷಕ್ಕೂ ಹಿಂದಿನ ಒಂದು ಆನರ್ಸ್ ಪ್ರಬಂಧದ ಕಥೆ.

ಬರೆದವನು ಟಿ.ಇ. ಲಾರೆನ್ಸ್. ಮೊದಲನೆಯ ಮಹಾಯುದ್ಧದಲ್ಲಿ ಅರಬರ ಜೊತೆ ಸೇರಿ ತುರ್ಕರ ವಿರುದ್ಧ ಕಾದಾಡಿದ, 1962ರ ಸಿನಿಮಾದಿಂದ ಲೋಕಕ್ಕೆಲ್ಲ ಪರಿಚಿತನಾದ 'ಲಾರೆನ್ಸ್ ಆಫ್ ಅರೇಬಿಯಾ' ಇವನೇ. ಆ ಯುದ್ಧದ ಕಥೆ ಇಲ್ಲಿ ಬೇಡ. 1907ರಲ್ಲಿ ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿಗೆ ಇತಿಹಾಸ ಕಲಿಯಲು ಸೇರಿದಾಗ ಅವನೊಬ್ಬ ಕೋಟೆಗಳ ಹುಚ್ಚು ಹಿಡಿದ ಹುಡುಗ, ಅಷ್ಟೆ. 1908ರ ಬೇಸಿಗೆ ರಜೆಯಲ್ಲಿ ಫ್ರಾನ್ಸಿನ ಕೋಟೆಗಳನ್ನು ನೋಡಲು ಸುಮಾರು 2,400 ಮೈಲಿ ಸೈಕಲ್ ತುಳಿದಿದ್ದ.

ಆ ಹೊತ್ತಿಗೆ ಆಕ್ಸ್‌ಫರ್ಡಿನ ಇತಿಹಾಸ ವಿಭಾಗದಲ್ಲಿ ಹೊಸ ನಿಯಮವೊಂದು ಬಂದಿತ್ತು. ಬಯಸಿದವರು ಪರೀಕ್ಷೆಯ ಜೊತೆಗೆ ಒಂದು ಪ್ರಬಂಧವನ್ನೂ ಒಪ್ಪಿಸಬಹುದಿತ್ತು. ಲಾರೆನ್ಸ್ ಆರಿಸಿಕೊಂಡ ವಿಷಯ ಕ್ರುಸೇಡ್ ಎಂಬ ಧರ್ಮಯುದ್ಧಗಳಿಗೂ ಯುರೋಪಿನ ಕೋಟೆಗಳಿಗೂ ಇರುವ ಸಂಬಂಧ. ಯುರೋಪಿನವರು ಒಳ್ಳೆಯ ಕೋಟೆ ಕಟ್ಟಲು ಕಲಿತದ್ದು ಪೂರ್ವ ದೇಶದಲ್ಲಿ, ಬೈಜಾಂಟಿಯಮ್ಮಿನವರ ಕೋಟೆಗಳನ್ನು ನೋಡಿ ಎಂಬುದು ಆಗ ನಡೆಯುತ್ತಿದ್ದ ಮಾತು. ಹಾಗೆ ಹೇಳುತ್ತಿದ್ದವರಲ್ಲಿ ಅದೇ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಚಾರ್ಲ್ಸ್ ಓಮನ್ ಕೂಡ ಒಬ್ಬರು. ಅಂದಹಾಗೆ, ಈ ಓಮನ್ ಸಾಹೇಬರ ಹೆಸರು ಮೊದಲು ಕೇಳಿಬಂದದ್ದೂ ಒಂದು ಬಹುಮಾನಕ್ಕಾಗಿ ಹರೆಯದಲ್ಲಿ ಬರೆದ ಪ್ರಬಂಧದಿಂದಲೇ! ಮಧ್ಯಯುಗದ ಯುದ್ಧಕಲೆಯ ಬಗ್ಗೆ ಅವರು ಬರೆದದ್ದು 1885ರಲ್ಲಿ ಪುಸ್ತಕವಾಯಿತು.

ಲಾರೆನ್ಸನ ಸಂಶಯ ಸರಳವಾದದ್ದು. ಫ್ರಾನ್ಸಿನ ಕೋಟೆಗಳನ್ನು ಕಂಡಾಯಿತು. ಸಿರಿಯಾದವನ್ನು ಕಾಣದೆ ಯಾರು ಯಾರಿಂದ ಕಲಿತರು ಎಂದು ಹೇಳುವುದು ಹೇಗೆ?

ಅರೇಬಿಯಾದಲ್ಲಿ ಅಲೆದಾಡಿ ದೊಡ್ಡ ಗ್ರಂಥ ಬರೆದಿದ್ದ ಚಾರ್ಲ್ಸ್ ಡೌಟಿಯನ್ನು ಕೇಳಿದ. ಬೇಸಿಗೆಯ ಬಿಸಿಲಲ್ಲಿ ನಡೆದು ತಿರುಗುವುದು ಬೇಡವೆಂದು ಹಿರಿಯರ ಬುದ್ಧಿಮಾತು ಬಂತು. ಕೇಳಲಿಲ್ಲ. ಆಕ್ಸ್‌ಫರ್ಡಿನಲ್ಲಿದ್ದ ಸಿರಿಯಾ ಮೂಲದ ಪಾದ್ರಿಯೊಬ್ಬರಿಂದ ಅಷ್ಟಿಷ್ಟು ಅರಬಿ ಕಲಿತ. ತುರ್ಕಿ ಸರಕಾರದ ರಕ್ಷಣಾ ಪತ್ರಗಳು ಬೇಕಿದ್ದವು. ಕೊಡಿಸಿದವರು ವಿಶ್ವವಿದ್ಯಾಲಯದ ಕುಲಪತಿ ಲಾರ್ಡ್ ಕರ್ಜನ್. ಹೌದು, ನಮ್ಮ ಪಾಠಪುಸ್ತಕದಲ್ಲಿ ಬಂಗಾಳ ವಿಭಜನೆಗಾಗಿ ಬೈಸಿಕೊಳ್ಳುವ ಅದೇ ಕರ್ಜನ್. ಭಾರತದಲ್ಲಿ 1904ರ ಪ್ರಾಚೀನ ಸ್ಮಾರಕ ರಕ್ಷಣಾ ಕಾಯಿದೆ ತಂದವರೂ ಅವರೇ.

1909ರ ಜುಲೈ 6ರಂದು ಬೈರೂತಿಗೆ ಬಂದಿಳಿದ. ಮೊದಲು ದಕ್ಷಿಣಕ್ಕೆ ಗಲಿಲೀ ಸೀಮೆ, ಮತ್ತೆ ಉತ್ತರಕ್ಕೆ ಟ್ರಿಪೋಲಿ, ಅಲೆಪ್ಪೊ. ಉರ್ಫಾದ ಕಡೆಗೆ ಗಾಡಿ ಹಿಡಿದದ್ದು ಬಿಟ್ಟರೆ ಬಹುಪಾಲು ಕಾಲ್ನಡಿಗೆ, ಸಾವಿರ ಮೈಲಿಗೂ ಮೇಲೆ. ರಾತ್ರಿ ರೈತರ ಮನೆಗಳಲ್ಲಿ ತಂಗುವುದು, ಅವರು ಕೊಟ್ಟ ತೆಳ್ಳನೆಯ ರೊಟ್ಟಿ ಮತ್ತು ಮೊಸರು ತಿನ್ನುವುದು, ಚಿಗಟಗಳಿಂದ ಕಚ್ಚಿಸಿಕೊಳ್ಳುವುದು. ಹೀಗೆ ಒಟ್ಟು 36 ಕೋಟೆಗಳನ್ನು ನೋಡಿದ, ನಕ್ಷೆ ಬರೆದ, ಫೋಟೋ ತೆಗೆದ. ಕ್ರಾಕ್ ದೆ ಶೆವಾಲಿಯೆ ಎಂಬ ಮಹಾದುರ್ಗದಲ್ಲಿ ಮೂರು ದಿನ ಉಳಿದ. ಸಹ್ಯೂನ್ ಕೋಟೆಯಲ್ಲಿ ಬಂಡೆ ಕಡಿದು ಮಾಡಿದ ಕಂದಕವಿದೆ. ಕಡಿಯುವಾಗ ಎತ್ತುಸೇತುವೆಗೆ ಆಧಾರವಾಗಲೆಂದು ನಡುವೆ ಒಂದು ಕಲ್ಲಿನ ಕಂಬವನ್ನು ಹಾಗೇ ಬಿಟ್ಟಿದ್ದಾರೆ. ಅದರ ಎತ್ತರ 28 ಮೀಟರ್. ಇಂಥದ್ದು ನಿಂತು ನೋಡಿದವನಿಗೆ ದಕ್ಕುವಷ್ಟು ಓದಿದವನಿಗೆ ದಕ್ಕದು.

ಕಷ್ಟವೂ ಕಡಿಮೆಯಿರಲಿಲ್ಲ. ಕ್ಯಾಮೆರಾ ಕಳವಾಯಿತು, ದಾರಿಯಲ್ಲಿ ಹೊಡೆದು ದೋಚಿದರು, ಮಲೇರಿಯಾ ಮತ್ತೆ ಮತ್ತೆ ಕಾಡಿತು. ಬರುವುದು ತಡವಾಗುತ್ತದೆ ಎಂದು ಪ್ರಾಂಶುಪಾಲರಿಗೆ ಪತ್ರ ಬರೆದು, ತರಗತಿಗಳು ಶುರುವಾದ ಮೇಲೆ ಅಕ್ಟೋಬರಿನಲ್ಲಿ ಬಡಕಲಾಗಿ ಹಿಂತಿರುಗಿದ.

ಆ ಚಳಿಗಾಲದಲ್ಲಿ ಪ್ರಬಂಧ ಸಿದ್ಧವಾಯಿತು. ಓಮನ್ ಮತ್ತಿತರರು ಹೇಳಿದ್ದು ತಿರುಗುಮುರುಗು, ಕ್ರುಸೇಡಿನವರು ಪಶ್ಚಿಮದ ವಿದ್ಯೆಯನ್ನೇ ಪೂರ್ವಕ್ಕೆ ಒಯ್ದರು ಎಂಬುದು ಅವನ ವಾದ. 12ನೆಯ ಶತಮಾನದ ಕೊನೆಯವರೆಗಿನ ಕೋಟೆಗಳನ್ನು ತೆಗೆದುಕೊಂಡು, ಫ್ರಾನ್ಸಿನದು ಹೀಗೆ, ಸಿರಿಯಾದ್ದು ಹೀಗೆ ಎಂದು ನಕ್ಷೆಗಳನ್ನೂ ಫೋಟೋಗಳನ್ನೂ ಮುಂದಿಟ್ಟ. ತಮ್ಮ ಪ್ರಾಧ್ಯಾಪಕರನ್ನೇ ಎದುರಿಸಿದ ಹುಡುಗನಿಗೆ ಪರೀಕ್ಷಕರು ಏನು ಮಾಡಿದರು? 1910ರಲ್ಲಿ ಪ್ರಥಮ ದರ್ಜೆ ಆನರ್ಸ್ ಕೊಟ್ಟರು. ಸಂತೋಷಕ್ಕೆ ಅವನ ಗುರುಗಳು ಪರೀಕ್ಷಕರನ್ನು ಕರೆದು ಔತಣ ಕೊಟ್ಟರೆಂದು ಪ್ರತೀತಿ. ನಮಗೆ ಈ ಕಥೆಯಲ್ಲಿ ಲಾರೆನ್ಸನಷ್ಟೇ ಆ ಪರೀಕ್ಷಕರೂ ದೊಡ್ಡವರಾಗಿ ಕಾಣುತ್ತಾರೆ.

ಅವನ ವಾದ ಪೂರ್ತಿ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಸಹ್ಯೂನಿನಲ್ಲೇ ಕ್ರುಸೇಡಿನವರಿಗಿಂತ ಹಿಂದಿನ ಬೈಜಾಂಟಿಯಮ್ ಕೋಟೆಯ ಅವಶೇಷವಿದೆ. ಯಾರು ಯಾರಿಂದ ಕಲಿತರು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ, ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು ಎಂಬುದು ಈಗಿನ ವಿದ್ವಾಂಸರ ನಿಲುವು. ಆದರೂ ಅವನು ತೀರಿಕೊಂಡ ಮರುವರ್ಷ, 1936ರಲ್ಲಿ, ಪ್ರಬಂಧ ಅಚ್ಚಾಯಿತು. ಅಂಚಿನಲ್ಲಿ ಅವನೇ ಆಮೇಲೆ ಗೀಚಿಕೊಂಡಿದ್ದ ತಿದ್ದುಪಡಿಗಳ ಸಮೇತ. 1988ರಲ್ಲಿ ಡೆನಿಸ್ ಪ್ರಿಂಗಲ್ ಎಂಬ ವಿದ್ವಾಂಸರು ಟಿಪ್ಪಣಿ ಸೇರಿಸಿ ಮತ್ತೆ ಹೊರತಂದರು. ಕ್ರಾಕ್ ಮತ್ತು ಸಹ್ಯೂನ್ ಎರಡೂ 2006ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಮುಂದೆ ಸಿರಿಯಾದ ಅಂತರ್ಯುದ್ಧದಲ್ಲಿ ಕ್ರಾಕ್ ಏಟು ತಿಂದಿತು. ಅಂಥ ಹೊತ್ತಿನಲ್ಲಿ ಹಳೆಯ ನಕ್ಷೆ, ಫೋಟೋಗಳ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ.

ಇನ್ನು ನಮ್ಮೂರಿನ ಮಾತು. ಬೇಕಲ, ಚಂದ್ರಗಿರಿ, ಹೊಸದುರ್ಗ, ಆರಿಕ್ಕಾಡಿ, ಪೊವ್ವಲ್... ಜಿಲ್ಲೆಯ ತುಂಬ ಕೋಟೆಗಳು. ಬೇಕಲವನ್ನು 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಎನ್ನುತ್ತಾರೆ. ಅದಕ್ಕೂ ಮೊದಲೇ ಚಿರಕ್ಕಲ್ ಅರಸರ ಕೋಟೆ ಅಲ್ಲಿತ್ತು, ನಾಯಕ ಅದನ್ನು ಹೊಸದಾಗಿಸಿದ ಎನ್ನುವವರೂ ಇದ್ದಾರೆ. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಇರುವುದು ಕನ್ನಡದಲ್ಲಿ. ನಮ್ಮ ಮಕ್ಕಳು ಅದನ್ನು ಯಾರ ಅನುವಾದಕ್ಕೂ ಕಾಯದೆ ಓದಬಲ್ಲರು, ಮಲಯಾಳದ ಬರಹಗಳನ್ನೂ ಓದಬಲ್ಲರು. ಮುರಕಲ್ಲಿನ ಗೋಡೆಯಲ್ಲಿ ಎರಡು ಕಾಲದ ಕೆಲಸ ಕಾಣುತ್ತದೆಯೇ ಎಂದು ನೋಡಲು ಅಳತೆಪಟ್ಟಿ, ನೋಟ್‌ಪುಸ್ತಕ, ಫೋನಿನ ಕ್ಯಾಮೆರಾ ಸಾಕು. ಕಾಸರಗೋಡಿನಿಂದ ಬಸ್ಸಿದೆ. ಬೆಳಿಗ್ಗೆ ಬೇಗ ಹೋದರೆ ಬಿಸಿಲೂ ಕಡಿಮೆ.